ಆಫೀಸಿನ ಗ್ರೂಪ್ ಹೆಲ್ತ್ ಇನ್ಶೂರೆನ್ಸ್: ಕಾರ್ಡು ನಮ್ಮದು, ಪಾಲಿಸಿ ಕಂಪನಿಯದು

ಐದಕ್ಕೆ ಮೂರೂವರೆ ಸ್ಟಾರ್. ಯಾವ ಇನ್ಶೂರೆನ್ಸ್ ಕಂಪನಿ ಅಂತ ಮಾತ್ರ ಕೇಳಬೇಡಿ, ಗ್ರೂಪ್ ಪಾಲಿಸಿಯಲ್ಲಿ ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಆಫೀಸಿಗೆ ಪಾಲಿಸಿ ಕೊಟ್ಟ ಸಂಸ್ಥೆಯೇ ಎದುರು ರಸ್ತೆಯ ಇನ್ನೊಂದು ಆಫೀಸಿಗೂ ಕೊಟ್ಟಿದೆ. ಅವರಿಗೆ ರೂಮ್ ಬಾಡಿಗೆಗೆ ಮಿತಿಯಿಲ್ಲ, ನಮಗಿದೆ. ಅವರ ಅಪ್ಪ-ಅಮ್ಮನಿಗೆ ಕೋ-ಪೇ (ಒಪ್ಪಿದ ಕ್ಲೇಮಿನಲ್ಲಿ ನಾವೇ ಕೊಡಬೇಕಾದ ಪಾಲು) ಇಲ್ಲ, ನಮ್ಮವರಿಗೆ ಶೇ. 10. ಛತ್ರದ ಊಟದಲ್ಲಿ ಮೆನು ಗೊತ್ತುಮಾಡುವವರು ಹೆಣ್ಣಿನ ಕಡೆಯವರು, ಎಲೆ ಮುಂದೆ ಕೂರುವವರು ನಾವು. ಇಲ್ಲೂ ಅಷ್ಟೇ. ಚೆನ್ನಾಗಿದ್ದರೂ ಸಪ್ಪೆಯಿದ್ದರೂ ಅಡುಗೆಯವನನ್ನೊಬ್ಬನನ್ನೇ ಬೈದು ಫಲವಿಲ್ಲ.

ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಯಂತ್ರಭಾಗ ತಯಾರಿಸುವ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹಲವು ವರ್ಷಗಳಿಂದ ಈ ಪಾಲಿಸಿಯ ಫಲಾನುಭವಿ. ಜೊತೆಗೆ ಪ್ರೀಮಿಯಂ ಇನ್‌ವಾಯ್ಸ್ ನನ್ನ ಟೇಬಲ್ ಮೇಲೆಯೇ ಹಾದುಹೋಗುತ್ತದೆ. ಹೆರಿಗೆ, ಅಮ್ಮನ ಆಪರೇಷನ್, ಅಪ್ಪನ ಕಣ್ಣಿನ ಪೊರೆ ಎಲ್ಲವೂ ಇದರಲ್ಲೇ ಆಗಿವೆ. ಹಾಗಾಗಿ ಎರಡೂ ಕಡೆಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಇದರ ಒಳಗಿನ ಲೆಕ್ಕ. ನಾವು ಅಂಗಡಿಗೆ ಹೋಗಿ ಕೊಳ್ಳುವ ಪಾಲಿಸಿಯಲ್ಲಿ ಪಾಲಿಸಿದಾರ ನಾವೇ. ಗ್ರೂಪ್ ಪಾಲಿಸಿಯಲ್ಲಿ ಪಾಲಿಸಿದಾರ ಕಂಪನಿ, ನಾವು ಪಟ್ಟಿಯಲ್ಲಿರುವ ಸದಸ್ಯರು. ಒಂದು ಮಾಸ್ಟರ್ ಪಾಲಿಸಿ, ಒಂದು ವರ್ಷದ ಕರಾರು, ಅದಕ್ಕೆ ಅಂಟಿದ ಹೆಸರುಗಳ ಎಕ್ಸೆಲ್ ಹಾಳೆ. ಮುಂದಿನ ವರ್ಷ ವಿಮಾ ಸಂಸ್ಥೆ ಬದಲಾಗಬಹುದು, ಟಿಪಿಎ (ವಿಮಾ ಸಂಸ್ಥೆಯ ಪರವಾಗಿ ಕ್ಲೇಮು ನೋಡುವ ಮಧ್ಯವರ್ತಿ ಸಂಸ್ಥೆ) ಬದಲಾಗಬಹುದು, ಷರತ್ತೂ ಬದಲಾಗಬಹುದು. ನಮ್ಮ ಸಹಿ ಯಾವುದಕ್ಕೂ ಬೇಡ.

ಇದರ ದೊಡ್ಡ ಲಾಭ ಇರುವುದೂ ಇಲ್ಲೇ. ವಿಮಾ ಸಂಸ್ಥೆ ಒಬ್ಬೊಬ್ಬರ ರಕ್ತ ಪರೀಕ್ಷೆ ಮಾಡಿಸುತ್ತಾ ಕೂರುವುದಿಲ್ಲ, ಇಡೀ ಗುಂಪಿನ ವಯಸ್ಸು, ಸಂಖ್ಯೆ, ಕಳೆದ ವರ್ಷದ ಕ್ಲೇಮು ನೋಡಿ ಬೆಲೆ ಕಟ್ಟುತ್ತದೆ. ಹಾಗಾಗಿ ಶುಗರ್, ಬಿಪಿ, ಥೈರಾಯ್ಡ್ ಇರುವವರಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಕವರ್. ಸ್ವಂತ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು (2024ರ ಏಪ್ರಿಲ್‌ಗೆ ಮೊದಲು 48 ತಿಂಗಳಿತ್ತು). ನನ್ನ ಅಪ್ಪನಿಗೆ ಹದಿನೈದು ವರ್ಷದ ಶುಗರ್. ಅವರ ವಯಸ್ಸಿಗೆ ಹೊರಗೆ ಕೇಳಿದಾಗ ಒಂದು ಕಡೆ ನೇರವಾಗಿ ಬೇಡ ಅಂದರು, ಇನ್ನೊಂದು ಕಡೆ ಹೇಳಿದ ಪ್ರೀಮಿಯಂ ಕೇಳಿ ನಾವೇ ಬೇಡ ಅಂದೆವು. ಆಫೀಸಿನ ಪಟ್ಟಿಗೆ ಅವರ ಹೆಸರು, ಹುಟ್ಟಿದ ದಿನಾಂಕ ಹಾಕಿದ್ದಷ್ಟೇ, ಕಾರ್ಡ್ ಬಂತು. ಮೂರೂವರೆ ಸ್ಟಾರಿನಲ್ಲಿ ಎರಡು ಇದೊಂದಕ್ಕೇ.

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮಾ ಯೋಜನೆ) ಬಗ್ಗೆ ಒಂದು ಮಾತು. ನಮ್ಮ ಶಾಪ್ ಫ್ಲೋರ್‌ನ ಬಹಳ ಜನ ಅದರಿಂದಲೇ ಇತ್ತ ಬಂದವರು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ ಕಡ್ಡಾಯ. 2017ರ ಜನವರಿಯಿಂದ ಆ ಮಿತಿ. 2019ರ ಜುಲೈಯಿಂದ ನೌಕರನ ಪಾಲು ಶೇ. 0.75, ಕಂಪನಿಯ ಪಾಲು ಶೇ. 3.25. ಇನ್‌ಕ್ರಿಮೆಂಟ್ ಆಗಿ ಮಿತಿ ದಾಟಿದವರು ‘ಇನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕ್ಯೂ ತಪ್ಪಿತು, ಕಾರ್ಪೊರೇಟ್ ಆಸ್ಪತ್ರೆಗೆ ಹೋಗಬಹುದು’ ಅಂತ ಖುಷಿಪಡುತ್ತಾರೆ. ಕ್ಯೂ ತಪ್ಪಿದ್ದು ನಿಜ. ಆದರೆ ಇಎಸ್‌ಐನಲ್ಲಿ ಚಿಕಿತ್ಸೆಗೆ ಇಷ್ಟೇ ಲಕ್ಷ ಅನ್ನುವ ಮಿತಿಯಿಲ್ಲ, ಹೊರರೋಗಿ ಔಷಧ ಸಿಗುತ್ತದೆ, ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಕೈಗೆ ಬರುತ್ತದೆ. ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಈ ಮೂರೂ ಇಲ್ಲ. ತಿಂಗಳು ತಿಂಗಳು ಮಾತ್ರೆ ನುಂಗುವ ಸಂಸಾರಕ್ಕೆ ಈ ಬಡ್ತಿ ಲಾಭವೋ ನಷ್ಟವೋ ಅಂತ ನನಗೆ ಇವತ್ತಿಗೂ ಅನುಮಾನವಿದೆ.

ಹೊಸದಾಗಿ ಸೇರಿದವರು ‘ಇ-ಕಾರ್ಡ್ ಇನ್ನೂ ಬಂದಿಲ್ಲ’ ಅಂತ ಗೊಣಗುವುದಕ್ಕೆ ಕಾರಣ ಹಲವು ಸಲ ಅಕೌಂಟ್ಸ್‌ನಲ್ಲೇ ಇರುತ್ತದೆ. ಕಂಪನಿ ವಿಮಾ ಸಂಸ್ಥೆಯ ಬಳಿ ಸಿಡಿ ಅಕೌಂಟ್ ಅಂತ ಮುಂಗಡ ಹಣ ಇಟ್ಟಿರುತ್ತದೆ. ವರ್ಷದ ನಡುವೆ ಒಬ್ಬರು ಸೇರಿದರೆ, ಮಗು ಹುಟ್ಟಿದರೆ, ಉಳಿದ ತಿಂಗಳುಗಳ ಪ್ರೀಮಿಯಂ ಅದರಿಂದ ಕಡಿತವಾಗಿ ಹೆಸರು ಸೇರುತ್ತದೆ. ಹಣ ಮೊದಲು ಬಾರದೆ ಹೊಣೆ ಹೊರುವಂತಿಲ್ಲ ಅನ್ನುವುದು ವಿಮಾ ಕಾಯ್ದೆಯ 64ವಿಬಿ ಸೆಕ್ಷನ್. ಸಿಡಿ ಬ್ಯಾಲೆನ್ಸ್ ಬರಿದಾದರೆ ಎಚ್‌ಆರ್ ಕಳಿಸಿದ ಪಟ್ಟಿ ಅಲ್ಲೇ ಕೂತಿರುತ್ತದೆ. ಮೇಲ್ ಕಳಿಸಿಯಾಗಿದೆ ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ಹೆಸರು ಅಧಿಕೃತವಾಗಿ ಸೇರುವುದು) ಆಯಿತೇ ಅಂತ ಕೇಳಿ, ಟಿಪಿಎ ಆ್ಯಪಿನಲ್ಲಿ ಮನೆಯವರ ಹೆಸರೆಲ್ಲ ಕಾಣುತ್ತಿದೆಯೇ ನೋಡಿ. ಮದುವೆ, ಮಗು ಈ ಎರಡಕ್ಕೆ ಬಿಟ್ಟರೆ ವರ್ಷದ ನಡುವೆ ಮನೆಯವರ ಹೆಸರು ಸೇರಿಸಲು ಬಾಗಿಲು ತೆರೆಯುವುದಿಲ್ಲ, ಈ ಎರಡಕ್ಕೂ ಸಾಮಾನ್ಯವಾಗಿ 30 ದಿನದ ಗಡುವು.

ಹೆರಿಗೆಗೆ ಸ್ವಂತ ಪಾಲಿಸಿಯಲ್ಲಿ ವರ್ಷಗಟ್ಟಲೆ ಕಾಯುವ ಷರತ್ತಿರುತ್ತದೆ, ಗ್ರೂಪ್‌ನಲ್ಲಿ ಒಂಬತ್ತು ತಿಂಗಳ ಷರತ್ತನ್ನೂ ಬಹುತೇಕ ಕಡೆ ತೆಗೆದಿರುತ್ತಾರೆ. ಆದರೆ ಒಟ್ಟು ಕವರ್ 5 ಲಕ್ಷ ಇದೆ ಅಂತ ಹೆರಿಗೆಗೂ 5 ಲಕ್ಷ ಸಿಗುವುದಿಲ್ಲ. ನಮ್ಮದರಲ್ಲಿ ನಾರ್ಮಲ್‌ಗೆ 50,000, ಸಿಸೇರಿಯನ್‌ಗೆ 75,000. ಬೆಂಗಳೂರಿನ ಒಳ್ಳೆಯ ಖಾಸಗಿ ಆಸ್ಪತ್ರೆಯ ಸಿಸೇರಿಯನ್ ಬಿಲ್ಲು ಇದನ್ನು ಸುಲಭವಾಗಿ ದಾಟುತ್ತದೆ. ಗಂಡ-ಹೆಂಡತಿ ಇಬ್ಬರಿಗೂ ಆಫೀಸ್ ಪಾಲಿಸಿ ಇದ್ದರೆ ಒಂದರಲ್ಲಿ ಮಿತಿವರೆಗೆ ತೆಗೆದುಕೊಂಡು, ಸೆಟ್ಲ್‌ಮೆಂಟ್ ಪತ್ರ ಮತ್ತು ಆಸ್ಪತ್ರೆ ದೃಢೀಕರಿಸಿದ ಬಿಲ್ ಪ್ರತಿ ಹಾಕಿ ಉಳಿದದ್ದನ್ನು ಇನ್ನೊಂದರಲ್ಲಿ ಕೇಳಬಹುದು. ನಾವು ಹಾಗೆ ಮಾಡಿದೆವು, ತಡವಾದರೂ ಬಂತು.

ಅದಕ್ಕಿಂತ ಮುಖ್ಯವಾದದ್ದು ಮಗುವಿನ ವಿಷಯ. ಹುಟ್ಟಿದ ಮಗುವಿಗೆ ಕಾಮಾಲೆ ಬಂದು ಫೋಟೊಥೆರಪಿಗೆ (ಬೆಳಕಿನ ಚಿಕಿತ್ಸೆಗೆ) ಹಾಕಿದರು ಅಥವಾ ನವಜಾತ ಶಿಶುಗಳ ಐಸಿಯುಗೆ ಸೇರಿಸಿದರು ಅಂತಿಟ್ಟುಕೊಳ್ಳಿ. ಆ ಖರ್ಚು ಕುಟುಂಬದ 5 ಲಕ್ಷದಿಂದಲೋ, ಹೆರಿಗೆಯ 75,000ದ ಒಳಗಿನಿಂದಲೋ? ಪಾಲಿಸಿಯಿಂದ ಪಾಲಿಸಿಗೆ ಉತ್ತರ ಬೇರೆ, ವ್ಯತ್ಯಾಸ ಲಕ್ಷಗಳಲ್ಲಿ. ಹೊಸ ಕೆಲಸಕ್ಕೆ ಸೇರುವ ಹುಡುಗ-ಹುಡುಗಿಯರು ಬೆನಿಫಿಟ್ ಮ್ಯಾನ್ಯುಯಲ್‌ನಲ್ಲಿ ಮೊದಲು ಹುಡುಕಬೇಕಾದ ಸಾಲು ಇದು.

ಕ್ಯಾಶ್‌ಲೆಸ್ (ಆಸ್ಪತ್ರೆ ಬಿಲ್ಲನ್ನು ವಿಮಾ ಸಂಸ್ಥೆಯೇ ನೇರವಾಗಿ ಕಟ್ಟುವುದು) ವಿಚಾರಕ್ಕೆ ಬರೋಣ. 2010ರ ಜುಲೈಯಲ್ಲಿ ಸರ್ಕಾರಿ ವಿಮಾ ಕಂಪನಿಗಳು ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈನ ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಕ್ಕಿದ್ದಂತೆ ಕ್ಯಾಶ್‌ಲೆಸ್ ನಿಲ್ಲಿಸಿದ್ದನ್ನು ನಮ್ಮ ಹಿರಿಯ ಸಹೋದ್ಯೋಗಿಗಳು ಇನ್ನೂ ಹೇಳುತ್ತಾರೆ. ಆಸ್ಪತ್ರೆಗಳ ಜೊತೆ ದರ ಮಾತಾಡಿಕೊಂಡು ಹೊಸ ನೆಟ್‌ವರ್ಕ್ ಕಟ್ಟಿದ್ದು ಅದಾದ ಮೇಲೆ. ಈಗ ಪರಿಸ್ಥಿತಿ ಎಷ್ಟೋ ವಾಸಿ. 2024ರ ಜನವರಿಯಲ್ಲಿ ಶುರುವಾದ ‘ಕ್ಯಾಶ್‌ಲೆಸ್ ಎವೆರಿವೇರ್’ ಪ್ರಕಾರ ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕೇಳಬಹುದು. ಮೊದಲೇ ಗೊತ್ತಾದ ಆಪರೇಷನ್ ಆದರೆ 48 ಗಂಟೆ ಮುಂಚೆ, ತುರ್ತಾದರೆ ಸೇರಿದ 48 ಗಂಟೆಯೊಳಗೆ ತಿಳಿಸಬೇಕು. ಆದರೆ ಆಸ್ಪತ್ರೆಯವರೂ ಒಪ್ಪಬೇಕಲ್ಲ! ಊರ ಕಡೆಯ ನರ್ಸಿಂಗ್ ಹೋಮಿನಲ್ಲಿ ಇದನ್ನು ನೆಚ್ಚಿಕೊಂಡು ಹೋಗಬೇಡಿ.

ಅಮ್ಮನ ಗಾಲ್‌ಬ್ಲಾಡರ್ ಆಪರೇಷನ್ನಿನ ಡಿಸ್ಚಾರ್ಜ್ ದಿನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರು ಬಂದು ‘ಇವತ್ತು ಮನೆಗೆ ಹೋಗಬಹುದು’ ಅಂದರು. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸೇರುವಾಗಿನ ಕ್ಯಾಶ್‌ಲೆಸ್ ಒಪ್ಪಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯಲ್ಲಿ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ವಿಮಾ ಸಂಸ್ಥೆ ತನ್ನ ಷೇರುದಾರರ ನಿಧಿಯಿಂದ ಕೊಡಬೇಕು. ಈ ಲೆಕ್ಕದಲ್ಲಿ ಹನ್ನೆರಡೂವರೆಗೆ ಮನೆಗೆ ಹೊರಡಬೇಕಿತ್ತು. ಹೊರಟದ್ದು ಸಂಜೆ ಆರಕ್ಕೆ, ಆದರೂ ನಿಯಮ ಮುರಿದಿರಲಿಲ್ಲ! ಮೂರು ಗಂಟೆಯ ಗಡಿಯಾರ ಓಡುವುದು ಆಸ್ಪತ್ರೆಯ ಕೋರಿಕೆ ವಿಮಾ ಸಂಸ್ಥೆಗೆ ಮುಟ್ಟಿದ ಮೇಲೆ. ಫಾರ್ಮಸಿಯ ರಿಟರ್ನ್ ಎಂಟ್ರಿ, ಲ್ಯಾಬ್ ಕ್ಲಿಯರೆನ್ಸ್, ಡಿಸ್ಚಾರ್ಜ್ ಸಮರಿ ಟೈಪಿಂಗ್ ಎಲ್ಲ ಮುಗಿದು ಇನ್ಶೂರೆನ್ಸ್ ಡೆಸ್ಕಿನವರು ಬಿಲ್ ಅಪ್‌ಲೋಡ್ ಮಾಡಿದ್ದೇ ಮೂರು ಗಂಟೆ ಹೊತ್ತಿಗೆ. ಕಾಲ್ ಸೆಂಟರಿಗೆ ಹತ್ತು ಸಲ ಫೋನ್ ಮಾಡುವ ಬದಲು ಡೆಸ್ಕಿನಲ್ಲಿ ‘ಎಷ್ಟು ಗಂಟೆಗೆ ಅಪ್‌ಲೋಡ್ ಆಯಿತು?’ ಅಂತ ಒಂದು ಸಲ ಕೇಳಿ. ಅರ್ಧ ದಿನ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ನಡುವೆ ಟಿಪಿಎ ಕಡೆಯಿಂದ ಒಂದು ಕ್ವೆರಿ: ‘ರೋಗಿಗೆ ರಕ್ತದೊತ್ತಡ ಎಷ್ಟು ವರ್ಷದಿಂದ ಇದೆ, ಮೊದಲ ಪ್ರಿಸ್ಕ್ರಿಪ್ಷನ್ ಕಳಿಸಿ.’ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ಕವರ್ ಇರುವ ಪಾಲಿಸಿಯಲ್ಲಿ ಈ ಪ್ರಶ್ನೆಗೆ ಕೆಲಸವೇ ಇಲ್ಲ. ಹಾಗೆಂದು ಅಲ್ಲಿ ವಾದಕ್ಕೆ ಕೂರಲು ಆಗುವುದಿಲ್ಲ, ಅಮ್ಮ ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತಾರೆ. ಡ್ಯೂಟಿ ಡಾಕ್ಟರ ಸಹಿ ಹಾಕಿಸಿ ಎರಡು ಸಾಲಿನ ಪತ್ರ ಕಳಿಸಿದೆವು.

ಆಮೇಲೆ ಬಂದದ್ದು ಕಡಿತದ ಪಟ್ಟಿ. ನಮ್ಮ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ಒಟ್ಟು ಕವರಿನ ಶೇ. 1, ಅಂದರೆ 5,000 ರೂಪಾಯಿ. ಅವತ್ತು ಶೇರಿಂಗ್ ರೂಮ್ ಒಂದೂ ಖಾಲಿ ಇರಲಿಲ್ಲ, 7,500ರ ಸಿಂಗಲ್ ರೂಮ್ ಕೊಟ್ಟರು. ಮೂರು ದಿನಕ್ಕೆ ಹೆಚ್ಚಾದದ್ದು ಬರೀ 7,500 ಅಂದುಕೊಳ್ಳುತ್ತೀರಿ ಅಲ್ಲವೇ? ಅಲ್ಲಿಗೇ ನಿಲ್ಲುವುದಿಲ್ಲ. ರೂಮಿನ ದರ್ಜೆ ಏರಿದರೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್ ದರವೂ ಏರುತ್ತದೆ ಅನ್ನುವ ಕಾರಣಕ್ಕೆ ಅವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಪ್ರಪೋರ್ಷನೇಟ್ ಡಿಡಕ್ಷನ್ ಅಂದರೆ ಇದೇ. 7,500ಕ್ಕೆ 5,000, ಅಂದರೆ ಮೂರರಲ್ಲಿ ಎರಡು ಪಾಲು. ಆ ಬಾಬ್ತುಗಳೆಲ್ಲ ಸೇರಿ 90,000 ಇತ್ತು, ಒಪ್ಪಿದ್ದು 60,000. ರೂಮಿನ 22,500ರಲ್ಲಿ 15,000. ಔಷಧ, ಪರೀಕ್ಷೆ, ಬಳಕೆ ಸಾಮಗ್ರಿ 38,000. ಐಆರ್‌ಡಿಎಐ ನಿಯಮದಂತೆ ಇವುಗಳಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಹಾಕುವಂತಿಲ್ಲ. ಆದರೆ ಗ್ಲೌಸ್, ಮಾಸ್ಕ್, ಡಯಾಪರ್ ಥರದ 68 ಸಾಮಾನುಗಳ ‘ನಾನ್ ಪೇಯಬಲ್’ ಪಟ್ಟಿಯೊಂದಿದೆ, ಅದರಲ್ಲಿ 4,200 ಹೋಯಿತು. ಉಳಿದ 1,08,800ರಲ್ಲಿ ಅಪ್ಪ-ಅಮ್ಮನ ಕೋ-ಪೇ ಶೇ. 10, ಅಂದರೆ 10,880. ಒಟ್ಟು 1,50,500ರ ಬಿಲ್ಲಿಗೆ ವಿಮೆ ಕೊಟ್ಟದ್ದು 97,920, ನಮ್ಮ ಕೈಯಿಂದ 52,580.

ಕಥೆ ಅಲ್ಲಿಗೆ ಮುಗಿಯಲಿಲ್ಲ. ‘ನಿಮ್ಮ ಅರ್ಹತೆಯ ದರ್ಜೆಯ ರೂಮ್ ಆ ದಿನ ಲಭ್ಯವಿರಲಿಲ್ಲ’ ಅಂತ ಆಸ್ಪತ್ರೆಯಿಂದ ಪತ್ರ ಬರೆಸಿಕೊಂಡಿದ್ದೆ. ಅದನ್ನು ನಾನು ಟಿಪಿಎಗೆ ಕಳಿಸಿದಾಗ ‘ಪಾಲಿಸಿ ಷರತ್ತಿನಂತೆ ಸರಿಯಾಗಿದೆ’ ಅಂತ ಎರಡು ಸಾಲಿನ ಮೇಲ್ ಬಂತು. ಅದೇ ಪತ್ರವನ್ನು ಎಚ್‌ಆರ್ ಮೂಲಕ ಬ್ರೋಕರ್‌ಗೆ (ಕಂಪನಿಗೆ ಪಾಲಿಸಿ ಮಾಡಿಸಿಕೊಡುವ ದಲ್ಲಾಳಿ), ಬ್ರೋಕರ್ ಮೂಲಕ ವಿಮಾ ಸಂಸ್ಥೆಗೆ ಕಳಿಸಿದ ಮೇಲೆ ಕಡಿತದ ಅರ್ಧಕ್ಕೂ ಹೆಚ್ಚು ವಾಪಸ್ ಬಂತು. ಕಾಗದ ಅದೇ, ರೋಗಿ ಅವರೇ. ಆದರೆ ರಿನ್ಯೂವಲ್ ಚೆಕ್ಕಿಗೆ ಸಹಿ ಹಾಕುವುದು ನಾನಲ್ಲವಲ್ಲ! ಸ್ವಂತ ಪಾಲಿಸಿಯವರಿಗೆ ಇಲ್ಲದ ಸೌಲಭ್ಯ ಇದು, ಬಳಸಿಕೊಳ್ಳಿ. ಪ್ರತಿ ಆಫೀಸಿಗೂ ಎಸ್ಕಲೇಷನ್ ಮ್ಯಾಟ್ರಿಕ್ಸ್ ಅಂತ, ಒಬ್ಬರಾದ ಮೇಲೆ ಯಾರಿಗೆ ದೂರಬೇಕು ಅನ್ನುವ ಒಂದು ಹಾಳೆ ಇರುತ್ತದೆ. ಕಾಲ್ ಸೆಂಟರ್ ನಂಬರಿನ ಕೆಳಗೆ ಇರುವ ಎರಡನೇ, ಮೂರನೇ ಹೆಸರುಗಳೇ ಕೆಲಸಕ್ಕೆ ಬರುವುದು. ದೊಡ್ಡ ಕಂಪನಿಗಳಲ್ಲಿ ಕಾರ್ಪೊರೇಟ್ ಬಫರ್ ಅಂತ ಪ್ರತ್ಯೇಕ ಮೊತ್ತವೂ ಇರುತ್ತದೆ. ಕ್ಯಾನ್ಸರ್, ಅಪಘಾತದಂಥ ಪ್ರಕರಣದಲ್ಲಿ ಕವರ್ ಮುಗಿದರೆ ಎಚ್‌ಆರ್ ಒಪ್ಪಿಗೆ ಮೇಲೆ ಅದರಿಂದ ಕೊಡುತ್ತಾರೆ. ಕೇಳಿದವರಿಗೆ ಮಾತ್ರ ಅದು ಇದೆ ಅಂತ ಗೊತ್ತಾಗುವುದು.

ಅದೂ ಫಲಿಸದಿದ್ದರೆ ವಿಮಾ ಸಂಸ್ಥೆಗೆ ಲಿಖಿತ ದೂರು. ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಗ್ರೂಪ್ ಪಾಲಿಸಿಯ ಸದಸ್ಯರೂ ಹೋಗಬಹುದು. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಮತ್ತು 155255 ಸಂಖ್ಯೆಯೂ ಇವೆ.

ನನಗೆ ಅತಿ ಕಿರಿಕಿರಿ ತರುವ ತಿಂಗಳು ರಿನ್ಯೂವಲ್‌ನದು. ಕಳೆದ ವರ್ಷ 80 ಲಕ್ಷ ಪ್ರೀಮಿಯಂ ಕಟ್ಟಿ 1 ಕೋಟಿ ಕ್ಲೇಮ್ ಆಗಿದ್ದರೆ ಕ್ಲೇಮ್ ರೇಷಿಯೋ (ಪ್ರೀಮಿಯಂಗೆ ಕ್ಲೇಮಿನ ಅನುಪಾತ) ಶೇ. 125. ವಿಮಾ ಸಂಸ್ಥೆ ಅದರ ಮೇಲೆ ವೈದ್ಯಕೀಯ ಬೆಲೆಯೇರಿಕೆ, ತನ್ನ ಖರ್ಚು ಸೇರಿಸಿ ಹೊಸ ಬೆಲೆ ಹೇಳುತ್ತದೆ. ಮ್ಯಾನೇಜ್‌ಮೆಂಟ್ ‘ಬಜೆಟ್ ಇಷ್ಟೇ’ ಅನ್ನುತ್ತದೆ. ನಡುವೆ ಬ್ರೋಕರ್ ಒಂದು ಎಕ್ಸೆಲ್ ತರುತ್ತಾನೆ: ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಇಷ್ಟೇ ಅಂತ ಮಿತಿ ಹಾಕಿದರೆ ಇಷ್ಟು ಉಳಿತಾಯ, ಕೋ-ಪೇ 10ರಿಂದ 20 ಮಾಡಿದರೆ ಇಷ್ಟು, ಅಪ್ಪ-ಅಮ್ಮನ ಪ್ರೀಮಿಯಂ ನೌಕರರ ಸಂಬಳದಿಂದಲೇ ಹಿಡಿದರೆ ಇಷ್ಟು. ಕತ್ತರಿ ಪ್ರತಿ ಸಲ ಬೀಳುವುದು ಹಿರಿಯರ ಮೇಲೆ, ಏಕೆಂದರೆ ಕ್ಲೇಮಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ನೌಕರರಿಗೆ ಗೊತ್ತಾಗುವುದು ಏಪ್ರಿಲ್‌ನಲ್ಲಿ ‘ಹೊಸ ಮತ್ತು ಸುಧಾರಿತ ಸೌಲಭ್ಯಗಳು’ ಅನ್ನುವ ಮೇಲ್ ಬಂದಾಗ. ಹೊಸದು ಅಂದರೆ ಹೆಜ್ಜೆ ಎಣಿಸುವ ಆ್ಯಪು, ಕನ್ನಡಕದ ಡಿಸ್ಕೌಂಟ್ ಕೂಪನ್ನು. ಹಳೆಯ ಮ್ಯಾನ್ಯುಯಲ್ ಪಿಡಿಎಫ್ ಉಳಿಸಿಕೊಂಡು ಹೊಸದರ ಪಕ್ಕದಲ್ಲಿಟ್ಟು ನೋಡಿ, ಏನು ಸುಧಾರಿಸಿದೆ ಅಂತ ಕಾಣುತ್ತದೆ.

ಅಪ್ಪ-ಅಮ್ಮ ಅಥವಾ ಅತ್ತೆ-ಮಾವ, ಇಬ್ಬರಲ್ಲಿ ಒಂದು ಜೋಡಿ ಮಾತ್ರ ಅನ್ನುವ ನಿಯಮ ಹಲವು ಕಡೆ ಇದೆ. ಇದರಿಂದ ಎಷ್ಟು ಮನೆಗಳಲ್ಲಿ ಮಾತು ನಿಂತಿದೆಯೋ ಲೆಕ್ಕ ಇಟ್ಟವರಿಲ್ಲ. ಒಬ್ಬಳೇ ಮಗಳಿರುವ ಮನೆಯವರಿಗೆ ಇದು ನಿಜಕ್ಕೂ ಅನ್ಯಾಯ.

ರೀಇಂಬರ್ಸ್‌ಮೆಂಟ್ (ಮೊದಲು ನಾವು ಕಟ್ಟಿ ಆಮೇಲೆ ವಾಪಸ್ ಪಡೆಯುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾಖಲೆ ಸರಿ ಇದ್ದರೆ ಹಣ ಬರುತ್ತದೆ. ಅಪ್ಪನ ಕಣ್ಣಿನ ಆಪರೇಷನ್ ಹಣ ವಾರಗಟ್ಟಲೆ ನಿಂತದ್ದು ಬೆರಳುಗಾತ್ರದ ಒಂದು ಸ್ಟಿಕ್ಕರಿಗೆ. ಕಣ್ಣೊಳಗೆ ಕೂರಿಸಿದ ಲೆನ್ಸಿನ ಡಬ್ಬದ ಮೇಲಿನ ಸೀರಿಯಲ್ ನಂಬರ್ ಚೀಟಿ ಅದು. ಸ್ಟೆಂಟಿಗೂ ಮಂಡಿಚಿಪ್ಪಿಗೂ ಇದೇ ನಿಯಮ. ಅದನ್ನು ಡಿಸ್ಚಾರ್ಜ್ ದಿನವೇ ಕೇಳಿ ಇಟ್ಟುಕೊಳ್ಳಿ. ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ, ಬಿಟ್ಟ ನಂತರದ 60 ದಿನದ ಔಷಧ, ಪರೀಕ್ಷೆಗಳ ಬಿಲ್ಲೂ ಸಾಮಾನ್ಯವಾಗಿ ಸಿಗುತ್ತದೆ. ಬಹಳ ಜನ ಅದನ್ನು ಕೇಳುವುದೇ ಇಲ್ಲ.

ಇದರ ಮೇಲೆ ಸ್ವಂತದ್ದೊಂದು ಪಾಲಿಸಿ ಬೇಕೇ? ನನ್ನ ಪ್ರಕಾರ ಬೇಕು. ನಾನು ಮಾಡಿಕೊಂಡದ್ದು 5 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್. ಮೊದಲ 5 ಲಕ್ಷ ಆಫೀಸಿನದು ನೋಡಿಕೊಳ್ಳುತ್ತದೆ, ಅದರ ಮೇಲಿನದು ಇದರಿಂದ. ಪೂರ್ತಿ ಪಾಲಿಸಿಗಿಂತ ಬಹಳ ಅಗ್ಗ. ಆದರೆ ಇದರಲ್ಲಿ ಕಾಯುವ ಅವಧಿ ಇದೆ, ಹಾಗಾಗಿ ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಬೇಕು. ಇನ್ನೊಂದು ಲೆಕ್ಕ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ಕವರ್) ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಗ್ರೂಪ್ ಪಾಲಿಸಿಗೆ ಮಾತ್ರ ಶೇ. 18 ಹಾಗೇ ಉಳಿಯಿತು. ಅಪ್ಪ-ಅಮ್ಮನ ಪ್ರೀಮಿಯಂ ನಿಮ್ಮ ಸಂಬಳದಿಂದ ಹಿಡಿಯುತ್ತಿದ್ದರೆ ಆ ತೆರಿಗೆಯೂ ಅದರಲ್ಲಿರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಹೀಗೆ ಹಿಡಿದ ಪಾಲಿಗೆ ಆರೋಗ್ಯ ವಿಮೆ ಪ್ರೀಮಿಯಂನ ತೆರಿಗೆ ವಿನಾಯಿತಿ (1961ರ ಕಾಯ್ದೆಯಲ್ಲಿ 80ಡಿ) ಕೇಳಬಹುದು. ಕಂಪನಿ ಕಟ್ಟಿದ ಪಾಲಿಗೆ ಕೇಳುವಂತಿಲ್ಲ.

ಕೊನೆಯದಾಗಿ, ಕೆಲಸ ಬಿಡುವ ವಿಷಯ. ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿರುವವರೆಗೆ ಕವರ್ ಇರುತ್ತದೆ, ಕೊನೆಯ ದಿನಕ್ಕೆ ಹೆಸರು ತೆಗೆಯುತ್ತಾರೆ. ಹೊಸ ಕಂಪನಿಗೆ ಹತ್ತು ದಿನ ಬಿಟ್ಟು ಸೇರಿದರೆ ಆ ಹತ್ತು ದಿನ ಮನೆಯವರೆಲ್ಲ ಬಯಲಲ್ಲಿ. ಅಪ್ಪ-ಅಮ್ಮನ ಪ್ರೀಮಿಯಂ ನಾವೇ ಕಟ್ಟಿದ್ದರೂ ಅಷ್ಟೇ. ನಿವೃತ್ತಿಯಾಗುವವರ ಕಷ್ಟ ಇನ್ನೂ ಹೆಚ್ಚು: ವಿಮೆ ಬೇಕಾಗುವ ವಯಸ್ಸಿಗೇ ಅದು ಕೈತಪ್ಪುತ್ತದೆ. ಇದಕ್ಕೆ ಇರುವ ದಾರಿ ಮೈಗ್ರೇಷನ್. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಹೋಗಬಹುದು, ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ಪ್ರೀಮಿಯಂ ಮಾತ್ರ ವಯಸ್ಸಿಗೆ ತಕ್ಕಂತೆ, ಆರೋಗ್ಯ ನೋಡಿಯೇ ಒಪ್ಪುತ್ತಾರೆ. ನಮ್ಮ ಸ್ಟೋರ್ಸ್‌ನಲ್ಲಿದ್ದ ಹಿರಿಯರೊಬ್ಬರು ನಿವೃತ್ತಿಗೆ ಮೊದಲೇ ಅರ್ಜಿ ಹಾಕಿದ್ದರು. ಪರೀಕ್ಷೆ ಮಾಡಿಸಿ, ಬಿಪಿಗೆ ಲೋಡಿಂಗ್ ಅಂತ ಹೆಚ್ಚುವರಿ ಪ್ರೀಮಿಯಂ ಹಾಕಿ ಕೊಟ್ಟರು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಓಡಾಟ ಆದದ್ದು ಹಿಂದಿನ ವರ್ಷಗಳಲ್ಲಿ ಕವರ್ ಇತ್ತು ಅನ್ನುವ ಪತ್ರಕ್ಕೆ. ಅದನ್ನು ಎಚ್‌ಆರ್ ಹತ್ತಿರ ಪ್ರತಿ ವರ್ಷ ಕೇಳಿ ತೆಗೆದುಕೊಂಡು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಟಿಪಿಎ ಪೋರ್ಟಲ್ಲಿನ ಲಾಗಿನ್ ಆಫೀಸ್ ಮೇಲ್ ಐಡಿಗೆ ಅಂಟಿಕೊಂಡಿರುತ್ತದೆ, ಕೊನೆಯ ದಿನ ಸಂಜೆ ಐಟಿಯವರು ಅದನ್ನು ಮುಚ್ಚಿಬಿಡುತ್ತಾರೆ.